ಅರ್ಧಕ್ಕೆ ನಿಂತ ಎಂ.ಎಡ್. ಮುಗಿಸುವುದು ಹೇಗೆ? ಉತ್ತರ ಕನ್ನಡದ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಬಿ.ಎಡ್. ಮುಗಿಯಿತು, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಯಿತು. ನೇಮಕಾತಿ ಕರೆಯುವ ತನಕ ಸುಮ್ನೆ ಕೂರುವುದು ಯಾಕೆ ಅಂತ ಎಂ.ಎಡ್.ಗೆ ಸೇರಿದ್ದೂ ಆಯಿತು. ಅಷ್ಟರಲ್ಲಿ ಆಯ್ಕೆ ಪಟ್ಟಿ ಬಂತು. ಆದೇಶ ಕೈಗೆ ಬಂದ ಮೇಲೆ ಯಾರು ತಾನೇ ಕ್ಲಾಸಿನಲ್ಲಿ ಕೂತಿರುತ್ತಾರೆ? ಜೊಯಿಡಾದ ಒಳಗಿನ ಶಾಲೆಗೋ ಸಿದ್ದಾಪುರದ ಘಟ್ಟದಂಚಿನ ಶಾಲೆಗೋ ಹೋಗಿ ಹಾಜರಾದರು. ಡಿಸರ್ಟೇಶನ್, ಅಂದರೆ ಕೋರ್ಸಿನ ಸಂಶೋಧನಾ ಪ್ರಬಂಧ, ಕಪಾಟು ಸೇರಿತು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರದ ಕಡೆ ಇಂಥ ಶಿಕ್ಷಕರು ಬಹಳ ಜನ ಸಿಗುತ್ತಾರೆ.

ಅವರಲ್ಲಿ ಹೆಚ್ಚಿನವರಿಗೆ ಓದುವ ಶಕ್ತಿಯೂ ಇದೆ, ಮನಸ್ಸೂ ಇದೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಕೆಲವರು ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವ ಗೈಡ್‌ಗೆ ಫೋನ್ ಮಾಡುವುದರಿಂದ ಶುರು ಮಾಡುತ್ತಾರೆ, ಕೆಲವರು ಪುಸ್ತಕ ಕೊಳ್ಳುವುದರಿಂದ. ನನ್ನ ಪ್ರಕಾರ ಎರಡೂ ಆಮೇಲಿನ ಮಾತು. ಮೊದಲು ನೋಡಬೇಕಾದ್ದು ಒಂದು ದಿನಾಂಕ.

ಹಂತ 1: ನೀವು ಪ್ರವೇಶ ಪಡೆದ ದಿನ ಯಾವುದು?

ಎಂ.ಎಡ್. ನಿಯಮಗಳು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನವು, ಅಂದರೆ ಎನ್‌ಸಿಟಿಇಯವು. ಅದರ 2014ರ ನಿಯಮದ ಪ್ರಕಾರ ಎಂ.ಎಡ್. ಎರಡು ವರ್ಷದ ಕೋರ್ಸ್. ಪ್ರವೇಶ ಪಡೆದ ದಿನದಿಂದ ಹೆಚ್ಚೆಂದರೆ ಮೂರು ವರ್ಷದೊಳಗೆ ಮುಗಿಸಬೇಕು. ಕೆಲಸಕ್ಕೆ ಸೇರಿದ ದಿನದಿಂದಲ್ಲ, ಕಾಲೇಜು ಬಿಟ್ಟ ದಿನದಿಂದಲೂ ಅಲ್ಲ. ಈ ಒಂದು ಸಾಲು ಗೊತ್ತಿಲ್ಲದೆ ಎಷ್ಟೋ ಜನ ಸಮಯ ಕಳೆಯುತ್ತಾರೆ.

ಈ ಲೆಕ್ಕದಲ್ಲಿ ನೀವು ಮೂರರಲ್ಲಿ ಒಂದು ಗುಂಪಿಗೆ ಸೇರುತ್ತೀರಿ.

ಮೂರು ವರ್ಷ ಇನ್ನೂ ತುಂಬಿಲ್ಲ ಅಂದರೆ ನಿಮ್ಮ ಬಾಗಿಲು ತೆರೆದಿದೆ. ಈ ವಾರವೇ ಓಡಾಟ ಶುರು ಮಾಡಿ, ಮುಂದಿನ ರಜೆಗೆ ಅಂತ ಇಟ್ಟುಕೊಳ್ಳಬೇಡಿ.

ಮೂರು ವರ್ಷ ದಾಟಿದೆ, ಆದರೆ ಉಳಿದದ್ದು ಡಿಸರ್ಟೇಶನ್ ಅಥವಾ ಒಂದೆರಡು ಪೇಪರ್ ಮಾತ್ರ ಅಂದರೆ, ತೀರ್ಮಾನ ವಿಶ್ವವಿದ್ಯಾಲಯದ ಕೈಯಲ್ಲಿದೆ. ಹಳೆಯ ವಿದ್ಯಾರ್ಥಿಗಳಿಗೆ ವಿವಿಗಳು ಒಮ್ಮೊಮ್ಮೆ ವಿಶೇಷ ಅವಕಾಶದ ಪರೀಕ್ಷೆ ನಡೆಸುವುದುಂಟು. ಆದರೆ ಅದು ಹಕ್ಕಲ್ಲ. ಲಿಖಿತವಾಗಿ ಕೇಳಿ, ಲಿಖಿತವಾಗಿ ಉತ್ತರ ಪಡೆಯಬೇಕು.

2014ರ ನಿಯಮ ಬರುವ ಮೊದಲಿದ್ದ ಒಂದು ವರ್ಷದ ಎಂ.ಎಡ್.ನಲ್ಲಿ ನಿಂತವರು ಮೂರನೆಯ ಗುಂಪು. ಆ ಕೋರ್ಸೇ ಈಗಿಲ್ಲ, ಹಳೆಯ ಸಿಲೆಬಸ್ಸೂ ಇಲ್ಲ. ಇವರು ಮುಗಿಸುವ ಯೋಚನೆ ಬಿಟ್ಟು ಹೊಸದಾಗಿ ಸೇರುವ ಯೋಚನೆ ಮಾಡುವುದೇ ಒಳ್ಳೆಯದು. ಕೇಳಲು ಕಹಿಯಾದರೂ ಇದನ್ನು ಮೊದಲ ದಿನವೇ ತಿಳಿದುಕೊಂಡರೆ ಒಂದು ವರ್ಷದ ಅಲೆದಾಟ ಉಳಿಯುತ್ತದೆ. ಇಂಥವರು ನೇರವಾಗಿ ಹಂತ 7ಕ್ಕೆ ಹೋಗಬಹುದು.

ಹಂತ 2: ಈ ಪದವಿ ನಿಮಗೆ ಯಾಕೆ ಬೇಕು?

ಇದನ್ನು ಕೇಳಿಕೊಳ್ಳಲು ಹೆಚ್ಚು ಹೊತ್ತು ಬೇಡ, ಆದರೆ ಕೇಳಿಕೊಳ್ಳಲೇಬೇಕು. ಎಂ.ಎಡ್. ಆದ ಮಾತ್ರಕ್ಕೆ ಪ್ರಾಥಮಿಕ ಶಾಲೆಯಲ್ಲಿ ನಿಮ್ಮ ಹುದ್ದೆ ಬದಲಾಗುವುದಿಲ್ಲ. ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ, ಶಿಕ್ಷಣ ವಿಷಯದಲ್ಲಿ ಯುಜಿಸಿ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೆಯುವುದಿದ್ದರೆ, ಮುಂದೆ ಪಿಎಚ್.ಡಿ. ಮನಸ್ಸಿದ್ದರೆ ಇದು ನೇರವಾಗಿ ಕೆಲಸಕ್ಕೆ ಬರುತ್ತದೆ. ಎನ್‌ಸಿಟಿಇ ಪ್ರಕಾರ ಬಿ.ಎಡ್. ಕಾಲೇಜಿನಲ್ಲಿ ಬೋಧನಾ ವಿಷಯಗಳ ಪಾಠ ಮಾಡಲು ಆ ವಿಷಯದ ಸ್ನಾತಕೋತ್ತರ ಪದವಿ ಮತ್ತು ಎಂ.ಎಡ್. ಎರಡೂ ಬೇಕು, ಎರಡರಲ್ಲೂ ಕನಿಷ್ಠ ಶೇ 55 ಅಂಕ ಇರಬೇಕು. ಈಗಾಗಲೇ ಬರೆದ ಸೆಮಿಸ್ಟರ್‌ಗಳಲ್ಲಿ ನಿಮ್ಮ ಸರಾಸರಿ ಶೇ 55ಕ್ಕಿಂತ ಕೆಳಗಿದ್ದರೆ ಉಳಿದ ಪೇಪರ್‌ಗಳಲ್ಲಿ ಎಷ್ಟು ಬೇಕು ಅಂತ ಈಗಲೇ ಲೆಕ್ಕ ಹಾಕಿ. ಬರೀ ಪಾಸಾದರೆ ಸಾಕು ಅಂತ ಓದುವುದಕ್ಕೂ ಇಷ್ಟು ಬೇಕೇ ಬೇಕು ಅಂತ ಓದುವುದಕ್ಕೂ ವ್ಯತ್ಯಾಸವಿದೆ.

ಕೆಲಸದ ಭಯ ಇದ್ದರೆ ಒಂದು ಸಮಾಧಾನ. ಟಿಇಟಿ ಪ್ರಮಾಣಪತ್ರಕ್ಕೆ ಈಗ ಜೀವಮಾನದ ಮಾನ್ಯತೆ ಇದೆ. ಮೊದಲು ಏಳು ವರ್ಷ ಇತ್ತು. 2021ರಲ್ಲಿ ಕೇಂದ್ರ ಅದನ್ನು ಬದಲಿಸಿತು, 2011ರಿಂದ ಪಾಸಾದವರಿಗೂ ಅನ್ವಯಿಸಿತು. ಹಾಗಾಗಿ ಖಾಸಗಿ ಶಾಲೆಯ ಶಿಕ್ಷಕಿಯೊಬ್ಬರು ಒಂದು ವರ್ಷ ಕೆಲಸ ಬಿಟ್ಟು ಎಂ.ಎಡ್. ಮುಗಿಸಿ ಬಂದರೂ ಅವರ ಟಿಇಟಿ ಎಲ್ಲೂ ಹೋಗುವುದಿಲ್ಲ.

ಹಂತ 3: ಕಾಗದ ಒಂದು ಕಡೆ ಸೇರಿಸಿ, ಒಂದು ಪತ್ರ ಬರೆಯಿರಿ

ಒಂದು ಫೈಲು ಮಾಡಿ. ಪ್ರವೇಶದ ರಸೀದಿ, ವಿವಿಯ ನೋಂದಣಿ ಸಂಖ್ಯೆ, ಬರೆದ ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್, ಇಂಟರ್ನಲ್ ಅಂಕಗಳ ವಿವರ, ಇಂಟರ್ನ್‌ಶಿಪ್ ಮುಗಿಸಿದ್ದರೆ ಅದರ ಪ್ರಮಾಣಪತ್ರ, ಡಿಸರ್ಟೇಶನ್‌ನ ಒಪ್ಪಿಗೆಯಾದ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ), ಗೈಡ್ ಯಾರು ಅನ್ನುವ ಕಾಗದ. 2021ರ ನಂತರ ಸೇರಿದವರ ವಿವರ ರಾಜ್ಯದ ವಿವಿ, ಕಾಲೇಜುಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಇರಬಹುದು. ಹಳೆಯ ಪಾಸ್‌ವರ್ಡ್ ಮರೆತಿದ್ದರೆ, ಆಗ ಕೊಟ್ಟ ಮೊಬೈಲ್ ನಂಬರ್ ಬದಲಾಗಿದ್ದರೆ, ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಹಳೆಯ ನಂಬರಿಗೆ ಒಟಿಪಿ ಹೋದರೆ ಏನೂ ಮಾಡಲಾಗದು.

ಇಂಟರ್ನಲ್ ಅಂಕಗಳ ಬಗ್ಗೆ ವಿಶೇಷವಾಗಿ ಕೇಳಿ. ಮಾರ್ಕ್ಸ್ ಕಾರ್ಡಿನಲ್ಲಿ ಗೈರುಹಾಜರಿ ಅಂತ ಕಾಣುವುದು ಕೆಲವೊಮ್ಮೆ ನೀವು ಪರೀಕ್ಷೆ ಬರೆಯದ್ದರಿಂದ ಅಲ್ಲ, ಕಾಲೇಜಿನಿಂದ ಇಂಟರ್ನಲ್ ಅಂಕ ಹೋಗದ್ದರಿಂದ ಆಗಿರುತ್ತದೆ. ಎರಡಕ್ಕೂ ಪರಿಹಾರ ಬೇರೆ ಬೇರೆ.

ಈಗ ಪತ್ರ. ಉತ್ತರ ಕನ್ನಡದ ಕಾಲೇಜುಗಳು ಹೆಚ್ಚಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ನೀವು ಬೇರೆ ಕಡೆ ಓದಿದ್ದರೆ ಆ ವಿವಿಗೆ ಬರೆಯಿರಿ. ಪತ್ರ ಹೋಗಬೇಕಾದ್ದು ಕುಲಸಚಿವರಿಗೆ (ಮೌಲ್ಯಮಾಪನ), ಒಂದು ಪ್ರತಿ ವಿಭಾಗದ ಮುಖ್ಯಸ್ಥರಿಗೆ ಅಥವಾ ಕಾಲೇಜಿನ ಪ್ರಾಂಶುಪಾಲರಿಗೆ. ಉದ್ದ ಬೇಡ. ಹೀಗಿದ್ದರೆ ಸಾಕು:

"ನಾನು ಇಂಥ ವರ್ಷದ ಇಂಥ ತಿಂಗಳಲ್ಲಿ ಎಂ.ಎಡ್. ಕೋರ್ಸಿಗೆ ಪ್ರವೇಶ ಪಡೆದಿದ್ದು, ನನ್ನ ನೋಂದಣಿ ಸಂಖ್ಯೆ ಇಂಥದ್ದು. ಮೂರು ಸೆಮಿಸ್ಟರ್‌ಗಳನ್ನು ಪೂರೈಸಿದ್ದೇನೆ. ನಾಲ್ಕನೇ ಸೆಮಿಸ್ಟರಿನ ಎರಡು ಪತ್ರಿಕೆ ಹಾಗೂ ಡಿಸರ್ಟೇಶನ್ ಬಾಕಿ ಇವೆ. ಇವುಗಳನ್ನು ಪೂರೈಸಲು ನನಗೆ ಅವಕಾಶ ಇದೆಯೇ, ಇದ್ದರೆ ಯಾವ ಪರೀಕ್ಷಾ ಅವಧಿಯವರೆಗೆ, ಯಾವ ಸಿಲೆಬಸ್ ಪ್ರಕಾರ ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ."

ಪತ್ರದಲ್ಲಿ ಮನೆಯ ಕಷ್ಟ, ವರ್ಗಾವಣೆಯ ಕತೆ ಹೇಳಬೇಡಿ. ಕೇಳಿದ್ದು ಮೂರೇ ಪ್ರಶ್ನೆ: ಅವಕಾಶ ಇದೆಯೇ, ಯಾವಾಗಿನ ತನಕ, ಯಾವ ಸಿಲೆಬಸ್. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ದೂರ ಇದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ ಮಾಡಿ.

ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಕೊಡಬೇಕು. "ನನ್ನನ್ನು ಯಾಕೆ ಪಾಸು ಮಾಡಿಲ್ಲ" ಅಂತ ಕೇಳಬೇಡಿ. "ನನ್ನ ನೋಂದಣಿ ಸಂಖ್ಯೆಗೆ ಅನ್ವಯಿಸುವ ಎಂ.ಎಡ್. ನಿಯಮಾವಳಿಯ ಪ್ರತಿ ಕೊಡಿ" ಅಂತ ಕೇಳಿ. ದಾಖಲೆ ಕೇಳಿದರೆ ದಾಖಲೆ ಸಿಗುತ್ತದೆ.

ಹಂತ 4: ಇಲಾಖೆಯ ಅನುಮತಿ

ಸರ್ಕಾರಿ ಶಿಕ್ಷಕರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೆಲಸಕ್ಕೆ ಸೇರುವ ಮೊದಲೇ ಶುರು ಮಾಡಿದ ಕೋರ್ಸ್ ಆದರೂ, ಸೇವೆಯಲ್ಲಿದ್ದು ಮುಂದುವರಿಸುವಾಗ ಉನ್ನತ ವ್ಯಾಸಂಗಕ್ಕೆ ಪೂರ್ವಾನುಮತಿ ತೆಗೆದುಕೊಳ್ಳಿ. ಅರ್ಜಿ ಮುಖ್ಯ ಶಿಕ್ಷಕರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಅಲ್ಲಿಂದ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಗೆ ಹೋಗುತ್ತದೆ. ನಮ್ಮದು ಎರಡು ಶೈಕ್ಷಣಿಕ ಜಿಲ್ಲೆಗಳಿರುವ ಜಿಲ್ಲೆ ಅಲ್ವಾ? ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಕಾರವಾರದ ಡಿಡಿಪಿಐ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೊಯಿಡಾದವರಿಗೆ ಶಿರಸಿಯ ಡಿಡಿಪಿಐ. ವರ್ಗಾವಣೆಯಾಗಿ ಘಟ್ಟ ಹತ್ತಿದವರು ಅಥವಾ ಇಳಿದವರು ಫೈಲು ಯಾವ ಕಚೇರಿಯಲ್ಲಿದೆ ಅಂತ ವಿಚಾರಿಸಿ.

ಅರ್ಜಿಯ ಜೊತೆ ವಿವಿಯ ಉತ್ತರ ಪತ್ರ ಇಡಿ. ಅದಕ್ಕೇ ಹಂತ 3 ಮೊದಲು ಬಂದದ್ದು. ಬಾಕಿ ಇರುವುದು ಪರೀಕ್ಷೆ ಮತ್ತು ಡಿಸರ್ಟೇಶನ್ ಮಾತ್ರ, ತರಗತಿಗೆ ಹೋಗಬೇಕಾಗಿಲ್ಲ ಅನ್ನುವುದು ಆ ಪತ್ರದಲ್ಲಿ ಕಂಡರೆ ಅನುಮತಿ ಸುಲಭ. ಪರೀಕ್ಷೆಯ ದಿನಗಳಿಗೆ ರಜೆ ಹೇಗೆ ಹಾಕುತ್ತೀರಿ ಅನ್ನುವುದನ್ನೂ ಅರ್ಜಿಯಲ್ಲೇ ಬರೆದುಬಿಡಿ.

ತರಗತಿಯೇ ಬಾಕಿ ಇದ್ದರೆ ವಿಷಯ ಬೇರೆ. ಎಂ.ಎಡ್.ಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ ಇರಬೇಕು. ಪಾಠ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ 80, ಕ್ಷೇತ್ರ ಕಾರ್ಯಕ್ಕೆ ಶೇ 90 ಹಾಜರಾತಿ ಕಡ್ಡಾಯ. ಶಾಲೆ ನಡೆಸಿಕೊಂಡು ಇದು ಆಗದ ಮಾತು. ರಜೆ ಅಥವಾ ನಿಯೋಜನೆ ಬೇಕೇ ಬೇಕು. "ಕಾಲೇಜಿಗೆ ಬರದಿದ್ದರೂ ನಡೆಯುತ್ತದೆ, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ" ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಒಂದೇ ದಿನ ಶಾಲೆಯ ಹಾಜರಿ ಪುಸ್ತಕದಲ್ಲೂ ಕಾಲೇಜಿನ ಹಾಜರಿ ಪುಸ್ತಕದಲ್ಲೂ ನಿಮ್ಮ ಸಹಿ ಇದ್ದರೆ, ಮುಂದೆ ಯಾವಾಗ ಬೇಕಾದರೂ ಅದು ಇಲಾಖಾ ವಿಚಾರಣೆಗೆ ದಾರಿ. ಪದವಿಯೂ ಹೋಗಬಹುದು, ಕೆಲಸವೂ ಹೋಗಬಹುದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಾವು ಕಲಿಸುವುದು ಶಿಕ್ಷಕರಾಗುವವರಿಗೆ ಅಂತ ಹೊರಟವರು. ಕೂರದ ತರಗತಿಯ ಹಾಜರಾತಿಯ ಮೇಲೆ ಆ ಕೆಲಸ ನಿಲ್ಲಬಾರದು.

ಅನುದಾನಿತ ಮತ್ತು ಖಾಸಗಿ ಶಾಲೆಯವರು ಆಡಳಿತ ಮಂಡಳಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಿರಿ. ಬಾಯಿ ಮಾತಿನ ಒಪ್ಪಿಗೆ ಮುಖ್ಯೋಪಾಧ್ಯಾಯರು ಬದಲಾದ ದಿನ ಮುಗಿಯುತ್ತದೆ.

ಹಂತ 5: ಧಾರವಾಡದ ದಾರಿ

ಓದಿನ ಪ್ಲಾನ್ ಮಾಡುವವರು ರಸ್ತೆಯ ಪ್ಲಾನ್ ಮಾಡುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಅದೇ ದೊಡ್ಡ ವಿಷಯ. ಕಾರವಾರದಿಂದ ಧಾರವಾಡ ನೂರೈವತ್ತು ಕಿ.ಮೀ. ಆಚೆ. ಅಂಕೋಲಾದಿಂದ ಹುಬ್ಬಳ್ಳಿಗೆ ರೈಲು ಇನ್ನೂ ಆಗಿಲ್ಲ, ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆಯೇ ಹೋಗಬೇಕು. ಶಿರಸಿಯವರಿಗೆ ಹುಬ್ಬಳ್ಳಿ ಬಸ್ಸೇ ಗತಿ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ರಸ್ತೆ ಯಾವಾಗ ತೆರೆಯುತ್ತದೆ ಅಂತ ಹೇಳಲಾಗದು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಕರಾವಳಿಯ ಹೆದ್ದಾರಿ ಎಷ್ಟು ದಿನ ಬಂದ್ ಆಗಿತ್ತು ಅನ್ನುವುದು ಎಲ್ಲರಿಗೂ ನೆನಪಿದೆ.

ಹಾಗಾಗಿ ಗೈಡ್ ಭೇಟಿ, ಗ್ರಂಥಾಲಯದ ಕೆಲಸ, ಕಚೇರಿಯ ಸಹಿಗಳನ್ನು ಅಕ್ಟೋಬರ್ ರಜೆಯಲ್ಲಿ ಮತ್ತು ಬೇಸಿಗೆ ರಜೆಯಲ್ಲಿ ಇಟ್ಟುಕೊಳ್ಳಿ. ಕಚೇರಿ ಕೆಲಸಕ್ಕೆ ಶನಿವಾರ ನಂಬಬೇಡಿ, ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜೆ. ಪರೀಕ್ಷೆ ಮಳೆಗಾಲದಲ್ಲಿ ಬಿದ್ದರೆ ಹಿಂದಿನ ದಿನವೇ ಹೋಗಿ ಉಳಿಯಿರಿ.

ಹಂತ 6: ಡಿಸರ್ಟೇಶನ್‌ಗೆ ಮತ್ತೆ ಜೀವ ಕೊಡುವುದು

ಹೆಚ್ಚಿನವರು ನಿಂತಿರುವುದು ಇಲ್ಲೇ. ಪೇಪರ್ ಬಾಕಿ ಇದ್ದರೆ ಓದಿ ಬರೆದರಾಯಿತು. ಡಿಸರ್ಟೇಶನ್‌ಗೆ ದಿನಾಂಕವೂ ಇಲ್ಲ, ಹಾಲ್ ಟಿಕೆಟ್ಟೂ ಇಲ್ಲ. ಅದಕ್ಕೇ ಮುಂದೆ ಹೋಗುತ್ತಲೇ ಇರುತ್ತದೆ.

ಮೊದಲು ಹಳೆಯ ಫೈಲು ತೆರೆಯಿರಿ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಅಧ್ಯಾಯಗಳು ಹೊಸ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಗಾಬರಿಯಾಗಬೇಡಿ, ಬರಹ ಹೋಗಿಲ್ಲ. ಯುನಿಕೋಡ್‌ಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ, ಡಿಟಿಪಿ ಅಂಗಡಿಯವರೂ ಮಾಡಿಕೊಡುತ್ತಾರೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಿ. ಕೋಷ್ಟಕದಲ್ಲಿ ಅಂಕಿ ತಪ್ಪಿದರೆ ಇಡೀ ವಿಶ್ಲೇಷಣೆ ತಪ್ಪುತ್ತದೆ.

ಆಮೇಲೆ ಗೈಡ್. ಅವರು ನಿವೃತ್ತರಾಗಿರಬಹುದು, ಬೇರೆ ಕಡೆ ಹೋಗಿರಬಹುದು. ಹಾಗಿದ್ದರೆ ಗೈಡ್ ಬದಲಾವಣೆಗೆ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಡಿ. ಹಳೆಯ ಗೈಡ್‌ಗೂ ಒಂದು ಮಾತು ಹೇಳಿ, ಅದು ಗೌರವ. ಹೊಸಬರ ಬಳಿ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಎರಡು ಪುಟ ಬರೆದುಕೊಂಡು ಹೋಗಿ: ಪ್ರಶ್ನೆ ಏನು, ಇಲ್ಲಿಯವರೆಗೆ ಏನಾಗಿದೆ, ಏನು ಉಳಿದಿದೆ, ಎಷ್ಟು ತಿಂಗಳು ಬೇಕು.

ವಿಷಯ ಹಳೆಯದೇ ಇರಲಿಯೋ ಬದಲಿಸಲೋ? ನಾನು ಹೇಳುವುದು, ಹೆಸರು ಬದಲಿಸಬೇಡಿ, ಅಳತೆ ಕಿರಿದು ಮಾಡಿ. ಹೆಸರು ಬದಲಿಸಿದರೆ ಸಿನಾಪ್ಸಿಸ್ ಮತ್ತೆ ಒಪ್ಪಿಗೆಗೆ ಹೋಗಬೇಕಾಗುತ್ತದೆ. ಕಿರಿದು ಮಾಡಲು ಗೈಡ್ ಒಪ್ಪಿದರೆ ಸಾಮಾನ್ಯವಾಗಿ ಸಾಕು.

ಒಂದು ಉದಾಹರಣೆ ನೋಡೋಣ. ವಿಷಯ "ಕೊಂಕಣಿ ಮನೆಮಾತಿನ ಮಕ್ಕಳ ಕನ್ನಡ ಓದು" ಅಂತ ಇಟ್ಟುಕೊಳ್ಳಿ. ಕಾರವಾರದ ಶಿಕ್ಷಕರಿಗೆ ಇದು ದಿನದ ಅನುಭವ. ವಿದ್ಯಾರ್ಥಿಯಾಗಿದ್ದಾಗ ಬರೆದ ಸಿನಾಪ್ಸಿಸ್‌ನಲ್ಲಿ ಇಡೀ ಜಿಲ್ಲೆ, ನೂರಾರು ಮಕ್ಕಳು, ಶಿಕ್ಷಕರು, ಪೋಷಕರು ಎಲ್ಲ ಇರುತ್ತಾರೆ. ಈಗ ಅಷ್ಟು ಬೇಡ. ಒಂದು ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು), ಒಂದು ತರಗತಿ, ಒಂದು ಕೌಶಲ ಸಾಕು.

ಪ್ರಶ್ನಾವಳಿಯನ್ನೂ ಮತ್ತೆ ಓದಿ. "ಶಿಕ್ಷಕರು ತರಗತಿಯಲ್ಲಿ ಮಕ್ಕಳ ಮನೆಮಾತನ್ನು ಬಳಸುತ್ತಾರೆಯೇ? ಹೌದು / ಇಲ್ಲ" ಅಂತ ಇರುತ್ತದೆ. ಇದಕ್ಕೆ ಎಲ್ಲರೂ ಸರಿ ಅನ್ನಿಸುವ ಉತ್ತರ ಕೊಡುತ್ತಾರೆ, ನಿಜ ಗೊತ್ತಾಗುವುದಿಲ್ಲ. ಬದಲಿಗೆ "ನಿನ್ನೆಯ ಕನ್ನಡ ಪಾಠದಲ್ಲಿ ಯಾವ ಪದಗಳನ್ನು ಕೊಂಕಣಿಯಲ್ಲಿ ಹೇಳಿ ಅರ್ಥ ಮಾಡಿಸಬೇಕಾಯಿತು?" ಅಂತ ಕೇಳಿ ನೋಡಿ. ಪದಗಳ ಪಟ್ಟಿ ಬರುತ್ತದೆ. ಆ ಪಟ್ಟಿಯೇ ನಿಮ್ಮ ದತ್ತಾಂಶ. ತರಗತಿಯಲ್ಲಿ ನಿಂತು ಪಾಠ ಮಾಡಿದವರಿಗೆ ಮಾತ್ರ ಇಂಥ ಪ್ರಶ್ನೆ ಹೊಳೆಯುತ್ತದೆ. ಕೆಲಸಕ್ಕೆ ಹೋದ ಈ ವರ್ಷಗಳು ವ್ಯರ್ಥವಾದವು ಅಂತ ಯಾರೂ ಬೇಸರ ಮಾಡಿಕೊಳ್ಳಬಾರದು. ಡಿಸರ್ಟೇಶನ್‌ಗೆ ಅವು ಲಾಭವೇ.

ಬೇರೆ ವಿಷಯಗಳೂ ನಮ್ಮ ಸುತ್ತ ಧಾರಾಳ. ಹತ್ತು ಮಕ್ಕಳೂ ಇಲ್ಲದ ಮಲೆನಾಡಿನ ಶಾಲೆಯಲ್ಲಿ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಹೇಗೆ ನಡೆಯುತ್ತದೆ? ಹಳಿಯಾಳ, ಯಲ್ಲಾಪುರದ ಸಿದ್ದಿ ಮಕ್ಕಳು ಪ್ರೌಢಶಾಲೆಗೆ ಹೋಗುವಾಗ ಎಲ್ಲಿ ತೊಡಕಾಗುತ್ತದೆ? ಅಂಕೋಲಾ, ಕುಮಟಾದ ಹಾಲಕ್ಕಿ ಮಕ್ಕಳ ಹಾಡು ಭಾಷಾ ಪಾಠಕ್ಕೆ ಹೇಗೆ ಒದಗುತ್ತದೆ? ಇನ್ನೂ ವಿಷಯವೇ ಆರಿಸದವರು ಇಂಥವುಗಳ ಕಡೆ ನೋಡಿ.

ನಿಮ್ಮದೇ ಶಾಲೆಯ ಮಕ್ಕಳಾದರೂ ದತ್ತಾಂಶ ತೆಗೆದುಕೊಳ್ಳಲು ಬಿಇಒ ಅನುಮತಿ ಪತ್ರ ಇರಲಿ. ವರದಿಯಲ್ಲಿ ಮಕ್ಕಳ ಹೆಸರು, ಫೋಟೋ ಬೇಡ. ಹಳೆಯ ದತ್ತಾಂಶ ಕೋವಿಡ್‌ಗೆ ಮೊದಲಿನದಾಗಿದ್ದರೆ ಅದನ್ನೇ ಈಗಿನದು ಅಂತ ತೋರಿಸಬೇಡಿ. ಹೊಸದಾಗಿ ಸ್ವಲ್ಪ ಸಂಗ್ರಹಿಸಿ ಎರಡನ್ನೂ ಹೋಲಿಸಿದರೆ ಕೆಲಸ ಇನ್ನೂ ಗಟ್ಟಿಯಾಗುತ್ತದೆ.

ನಕಲಿನ ಬಗ್ಗೆ: ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಸಾಮ್ಯಕ್ಕೆ ದಂಡನೆ ಇಲ್ಲ, ಅದಕ್ಕಿಂತ ಹೆಚ್ಚಾದರೆ ತಿದ್ದಿ ಕೊಡುವುದರಿಂದ ಹಿಡಿದು ನೋಂದಣಿ ರದ್ದಾಗುವವರೆಗೆ ಕ್ರಮವಿದೆ. "ಬರೆದುಕೊಡುತ್ತೇವೆ" ಅನ್ನುವ ಅಂಗಡಿಗಳಿಂದ ದೂರ ಇರಿ. ಅಲ್ಲಿ ಒಂದೇ ಅಧ್ಯಾಯ ಹಲವರಿಗೆ ಹೋಗಿರುತ್ತದೆ.

ಸಮಯದ ಬಗ್ಗೆ ಒಂದು ಮಾತು. ದಿನಾ ರಾತ್ರಿ ಎರಡು ತಾಸು ಅಂತ ಸಂಕಲ್ಪ ಮಾಡಿದವರು ಎರಡನೇ ವಾರಕ್ಕೆ ಬಿಡುತ್ತಾರೆ. ಶಾಲೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಮನೆ, ಎಲ್ಲ ಮುಗಿದ ಮೇಲೆ ತಲೆ ಓಡುವುದಿಲ್ಲ. ಭಾನುವಾರ ಬೆಳಗಿನ ಮೂರು ತಾಸು ಗಟ್ಟಿಯಾಗಿ ಹಿಡಿದುಕೊಳ್ಳಿ. ಮನೆಯವರಿಗೂ ಹೇಳಿಡಿ. ಶಿಕ್ಷಕಿಯರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತಿದೆ, ಅಡುಗೆಮನೆಗೆ ಭಾನುವಾರ ರಜೆ ಇರುವುದಿಲ್ಲ. ಅದಕ್ಕೇ ಮನೆಯ ಗಂಡಸರಿಗೆ ಹೇಳಬೇಕಾದ್ದು: ಆ ಮೂರು ತಾಸು ಅಡುಗೆ, ಮಕ್ಕಳು ನಿಮ್ಮ ಪಾಲು.

ಹಂತ 7: ಬಾಗಿಲು ಮುಚ್ಚಿದೆ ಅಂತ ಉತ್ತರ ಬಂದರೆ

ಎರಡು ದಾರಿ ಇವೆ. ಒಂದು, ಹೊಸದಾಗಿ ಎಂ.ಎಡ್.ಗೆ ಸೇರುವುದು. ಬಿ.ಎಡ್.ನಲ್ಲಿ ಶೇ 50 ಬೇಕು. ಪದವಿಯ ಜೊತೆ ಡಿ.ಇಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಮಾಡಿದವರೂ ಎರಡರಲ್ಲೂ ಶೇ 50 ಇದ್ದರೆ ಅರ್ಹರು. ಮೀಸಲಾತಿಯ ಸಡಿಲಿಕೆ ಪ್ರತ್ಯೇಕ. ವಿವಿ ಬದಲಿಸುವುದಿದ್ದರೆ ಹಳೆಯ ವಿವಿಯಿಂದ ವಲಸೆ ಪ್ರಮಾಣಪತ್ರ ತೆಗೆದಿಡಿ. ಎನ್‌ಸಿಟಿಇಯ 2014ರ ನಿಯಮದಲ್ಲಿ ದೂರಶಿಕ್ಷಣದ ಬಿ.ಎಡ್. ಇದೆ, ದೂರಶಿಕ್ಷಣದ ಎಂ.ಎಡ್. ಇಲ್ಲ. "ಮನೆಯಲ್ಲೇ ಕೂತು ಎಂ.ಎಡ್." ಅನ್ನುವ ಜಾಹೀರಾತು ಕಂಡರೆ ಹಣ ಕಟ್ಟಬೇಡಿ.

ಇನ್ನೊಂದು, ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ) ಎಂ.ಎ. ಶಿಕ್ಷಣ. ಇದು ದೂರಶಿಕ್ಷಣ, ಯಾವುದೇ ಪದವೀಧರರು ಸೇರಬಹುದು, ಎರಡು ವರ್ಷದಿಂದ ನಾಲ್ಕು ವರ್ಷದೊಳಗೆ ಮುಗಿಸಬಹುದು. ಜೂನ್ ಮತ್ತು ಡಿಸೆಂಬರ್‌ನಲ್ಲಿ ಪರೀಕ್ಷೆ. ಕನ್ನಡದಲ್ಲಿ ಬರೆಯುವ ಅವಕಾಶ ಇಲ್ಲ, ಇಂಗ್ಲಿಷ್ ಅಥವಾ ಹಿಂದಿ. ಇದು ಎಂ.ಎಡ್.ಗೆ ಸಮ ಅಲ್ಲ. ಆದರೆ ಎನ್‌ಸಿಟಿಇ ನಿಯಮದಲ್ಲಿ ಬಿ.ಎಡ್. ಕಾಲೇಜಿನ ತಾತ್ವಿಕ ವಿಷಯಗಳ ಹುದ್ದೆಗೆ ಶೇ 55ರ ಎಂ.ಎ. ಶಿಕ್ಷಣ ಮತ್ತು ಶೇ 55ರ ಬಿ.ಎಡ್. ಇದ್ದವರಿಗೂ ಅವಕಾಶವಿದೆ. ನೆಟ್ ಕೂಡ ಬರೆಯಬಹುದು. ಕೆಲಸ ಬಿಡಲಾಗದ, ಸಂಬಳದ ಮೇಲೆ ಮನೆ ನಿಂತಿರುವ ಶಿಕ್ಷಕರಿಗೆ ಎರಡರಲ್ಲಿ ಇದೇ ಸೂಕ್ತ ಅಂತ ನನ್ನ ಅಭಿಪ್ರಾಯ.

ಎರಡರಲ್ಲಿ ಯಾವುದಕ್ಕೇ ಆದರೂ ಆ ವರ್ಷದ ಪ್ರಾಸ್ಪೆಕ್ಟಸ್ ಓದಿಯೇ ಅರ್ಜಿ ಹಾಕಿ. 2020ರ ಶಿಕ್ಷಣ ನೀತಿಯ ನಂತರ ಶಿಕ್ಷಕ ಶಿಕ್ಷಣದ ಕೋರ್ಸುಗಳು ಬದಲಾಗುತ್ತಿವೆ. ಹೋದ ವರ್ಷ ಸ್ನೇಹಿತರಿಗೆ ಇದ್ದ ನಿಯಮ ಈ ವರ್ಷ ನಿಮಗೆ ಇಲ್ಲದಿರಬಹುದು.

ಹಂತ 8: ಪಾಸಾದ ಮೇಲೆ

ಫಲಿತಾಂಶ ಬಂದ ಕೂಡಲೇ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೂ ಘಟಿಕೋತ್ಸವದ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿ. ಎರಡೂ ತಾವಾಗಿ ಮನೆಗೆ ಬರುವುದಿಲ್ಲ. ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಕಾಗುಣಿತ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯಾ ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ನಂತರ ಪೂರ್ವಾನುಮತಿಯ ಆದೇಶದ ಪ್ರತಿ, ಮಾರ್ಕ್ಸ್ ಕಾರ್ಡ್, ಪ್ರಮಾಣಪತ್ರ ಲಗತ್ತಿಸಿ ಮುಖ್ಯ ಶಿಕ್ಷಕರ ಮೂಲಕ ಬಿಇಒ ಕಚೇರಿಗೆ ಕೊಟ್ಟು ಸೇವಾ ಪುಸ್ತಕದಲ್ಲಿ ವಿದ್ಯಾರ್ಹತೆ ನಮೂದಿಸಲು ಕೋರಿ. ಕೆಲವು ವಾರ ಬಿಟ್ಟು ಹೋಗಿ, ನಮೂದಾದ ಪುಟವನ್ನು ನೀವೇ ನೋಡಿ, ಅದರ ಒಂದು ಪ್ರತಿ ನಿಮ್ಮ ಫೈಲಿಗೆ ಸೇರಿಸಿಕೊಳ್ಳಿ.